ಪೊಳ್ಳು ಗಾರೆಯ ಸದ್ದು

ಟೈಲ್ಸ್ ಕೆಲಸದವರೆಲ್ಲ ಅವನನ್ನು ಟಕ್‌ಟಕ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನು ಟೈಲ್ಸ್ ಅಂಟಿಸುವವನಲ್ಲ. ಅದಕ್ಕೂ ಮೊದಲು ಬಚ್ಚಲುಮನೆಯ ಗೋಡೆಯನ್ನು ಹದ ಮಾಡಿಕೊಡುವವನು. ಹಳೆಯ ಬಣ್ಣ ಕೆರೆದು, ಕರಣೆಯ ಹಿಡಿಯಿಂದ ಗೇಣು ಗೇಣಿಗೂ ತಟ್ಟುತ್ತ ಹೋಗುವನು. ಗಟ್ಟಿ ಗಾರೆಯ ಸದ್ದು ಒಂದು, ಒಳಗೊಳಗೇ ಇಟ್ಟಿಗೆಯಿಂದ ಬಿಟ್ಟುಕೊಂಡ ಪೊಳ್ಳು ಗಾರೆಯದು ಇನ್ನೊಂದು. ಪೊಳ್ಳಾದಲ್ಲಿ ಒಡೆದು ಹೊಸ ಗಾರೆ ಮೆತ್ತಿ ಒಣಗಿಸಿದ ಮೇಲೆ, ಹೆಂಡತಿ ಧೂಳು ಒರೆಸಿ ಪ್ರೈಮರ್ ಬಳಿಯುತ್ತಿದ್ದಳು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಅಷ್ಟೂ ವರ್ಷ ಇಕ್ಕಟ್ಟಿನ ಬಚ್ಚಲುಗಳಲ್ಲಿ ಗೋಡೆ ಒಡೆಯುವ ಮಷೀನಿನ ಗದ್ದಲ ಅವನ ಕಿವಿಗೆ ಬಡಿಯುತ್ತಲೇ ಇತ್ತು. ಎಡಗಿವಿ ಹೋಯಿತು, ಬಲಗಿವಿ ಮಂದವಾಯಿತು. ಅವನು ಬಾಯಿ ಬಿಡಲಿಲ್ಲ. ಹೆಂಡತಿ ಜೋರಾಗಿ ಕರೆದರೆ, “ಕೇಳಿಸ್ತು, ಕಿರುಚಬೇಡ” ಎಂದು ರೇಗುತ್ತಿದ್ದ.

ನಿವೃತ್ತ ಟೀಚರೊಬ್ಬರ ಮನೆಯ ಕೆಲಸ ಬಂತು. ಗೋಡೆಯನ್ನೆಲ್ಲ ತಟ್ಟಿ, “ಕಲ್ಲಿದ್ದಂಗಿದೆ, ಪ್ರೈಮರ್ ಹೊಡಿ” ಎಂದ.

“ರೀ, ಕಿಟಕಿ ಕೆಳಗೆ ಯಾಕೋ ಡಬಡಬ ಅಂತಿದೆ.”

ಅವಳು ಬೆರಳು ತೋರಿಸಿದ್ದು ಕಂಡೇ ಅವನಿಗೆ ಸಿಟ್ಟು ಬಂತು. “ಗೋಡೆ ತಟ್ಟೋನು ನಾನೋ ನೀನೋ?”

ಮಧ್ಯಾಹ್ನದ ಹಸಿವು, ಸುಸ್ತು. ಅವಳು ಬ್ರಷ್ ಅದ್ದಿದಳು.

ಮೂರು ತಿಂಗಳ ಮೇಲೆ ಕಿಟಕಿಯ ಕೆಳಗಿನ ಟೈಲ್ಸ್ ಗಾರೆಸಮೇತ ಕಳಚಿಬಿತ್ತು. ಸ್ನಾನಕ್ಕೆ ನಿಂತಿದ್ದ ಟೀಚರ ಪಾದದ ಮೂಳೆ ಮುರಿಯಿತು.

ಸುದ್ದಿ ತಿಳಿದು ಇಬ್ಬರೂ ಓಡಿದರು. ಟೀಚರು ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಬೈಯಲಿಲ್ಲ. “ಇನ್ನು ಮುಂಚಿನಂಗೆ ನಡೀತೀನೋ ಇಲ್ವೋ ಗೊತ್ತಿಲ್ಲಪ್ಪ” ಎಂದು ಮೆಲ್ಲಗೆ ಹೇಳಿದರು.

ಅವನು ನಗುತ್ತ ತಲೆಯಾಡಿಸಿದ. “ಹೌದಮ್ಮ, ಅಷ್ಟಾದ್ರೆ ಸಾಕು.”

ಟೀಚರು ಮುಖ ತಿರುಗಿಸಿದರು. ಹೆಂಡತಿ ಅವನನ್ನು ಬಚ್ಚಲಿಗೆ ಎಳೆದೊಯ್ದು, ಎದುರು ನಿಂತು ಕೇಳಿದಳು: “ಎಷ್ಟು ದಿನದಿಂದ ಕೇಳಿಸ್ತಿಲ್ಲ?”

ಅವಳ ತುಟಿಯನ್ನೇ ನೋಡುತ್ತಿದ್ದವನು ಹೊಸ್ತಿಲ ಮೇಲೆ ಕುಸಿದು ಕೂತ. “ಎರಡು ವರ್ಷ ಆಯ್ತು. ಹೇಳಿದ್ರೆ ಯಾರು ಕೆಲಸಕ್ಕೆ ಕರೀತಾರೆ?”

ಅವನನ್ನು ಬೈಯಬೇಕೆಂದಿದ್ದ ಅವಳು ಟೈಲ್ಸ್ ಕಳಚಿದ ಜಾಗಕ್ಕೆ ಕೈಯಿಟ್ಟಳು. “ನಿಮಗೆ ಕೇಳಿಸ್ಲಿಲ್ಲ, ಸರಿ. ನಂಗೆ ಕೇಳಿಸಿತ್ತಲ್ಲ! ಕೇಳಿಸಿಯೂ ಬಳಿದುಬಿಟ್ಟೆ.” ಅದನ್ನವಳು ಗೋಡೆಯತ್ತ ತಿರುಗಿ ಹೇಳಿದ್ದರಿಂದ ಅವನಿಗೆ ತಿಳಿಯಲಿಲ್ಲ.

ಮರುದಿನದಿಂದ ಆ ಬಚ್ಚಲ ಗೋಡೆಯನ್ನು ಅವಳು ತಟ್ಟಿದಳು, ತೋರಿಸಿದಲ್ಲಿ ಅವನು ಒಡೆದ. ಗೋಡೆ ನೆಟ್ಟಗಾಯಿತು, ಟೀಚರ ಕಾಲು ನೆಟ್ಟಗಾಗಲಿಲ್ಲ, ಅವರು ಕೋಲು ಹಿಡಿದರು. ಸುದ್ದಿ ಹಬ್ಬಿ, ಅವನನ್ನು ಗೋಡೆ ಕೆಲಸಕ್ಕೆ ಕರೆಯುವುದು ನಿಂತಿತು. ಅವನು ಮರಳು ಜರಡಿ ಹಿಡಿಯಲು ಹೋದ, ಅವಳು ಬೇರೆ ಗುಂಪಿನೊಂದಿಗೆ ಪ್ರೈಮರ್ ಬಳಿಯಲು.

ಮನೆಯಲ್ಲಿ ಏನಾದರೂ ಹೇಳಬೇಕೆಂದರೆ ಎದುರು ಕೂತು, ದನಿಯೆತ್ತಿ ಹೇಳಬೇಕಿತ್ತು. ಅಷ್ಟು ಕಷ್ಟಪಟ್ಟು ಹೇಳುವಂಥ ಮಾತು ದಿನಕ್ಕೆ ಒಂದೆರಡೇ ಇರುತ್ತಿದ್ದವು.