ಶಾಂಪೂ ಮಾನಮ್ಮನ ಮಂಗಳವಾರ

ರಾಮಮೂರ್ತಿ ನಗರದ ಆ ಅಡ್ಡರಸ್ತೆಯಲ್ಲಿ ಹಾಲಿನ ಗಾಡಿಯ ಸದ್ದೂ ಇನ್ನೂ ಎದ್ದಿಲ್ಲ. ನಾಲ್ಕಂತಸ್ತಿನ ಬಾಡಿಗೆ ಮನೆಗಳ ಸಂದಿಯಲ್ಲಿ ಹೇಗೋ ಜೀವ ಹಿಡಿದುಕೊಂಡಿರುವ ಹೆಂಚಿನ ಬಚ್ಚಲುಮನೆಯೊಂದರಿಂದ ಮಾತ್ರ ಹೊಗೆ ಏಳುತ್ತಿದೆ. ಒಳಗೆ ತಾಮ್ರದ ಹಂಡೆಯಲ್ಲಿ ನೀರು ಗುಳುಗುಳು ಅನ್ನುತ್ತಿದೆ, ಒಲೆಯಲ್ಲಿ ತೆಂಗಿನ ಮಟ್ಟೆ ಚಟಪಟ ಉರಿಯುತ್ತಿದೆ. ಮಾನಮ್ಮ ಮಣೆಯ ಮೇಲೆ ಕೂತು ಎರಡೂ ಕಾಲು ನೀಳವಾಗಿ ಚಾಚಿದ್ದಾರೆ. ಆ ಕಾಲುಗಳ ಮೇಲೆ ಎಣ್ಣೆ ಹಚ್ಚಿಸಿಕೊಂಡ ಕೂಸೊಂದು, ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಾ ಮಲಗಿದೆ.

‘ಅಕ್ಕಾ, ಬಿಸಿ ಜಾಸ್ತಿ ಆಯ್ತೇನೋ ನೋಡಿ,’ ಎನ್ನುತ್ತಾಳೆ ಕೂಸಿನ ತಾಯಿ ಮೋನಿಷಾ. ಹಲಸೂರಿನ ಹುಡುಗಿ, ಎದುರು ಮನೆಗೆ ಮದುವೆಯಾಗಿ ಬಂದವಳು. ಕೈ ಕೈ ಹಿಸುಕಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ.

‘ಬಿಸಿಗೆ ಅಳಾಕತ್ತಿಲ್ಲವ್ವಾ. ತಾಯಿ ನೋಡಾಕತ್ತಾಳಂತ ಅಳಾಕತ್ತೇತಿ. ನೀ ಅತ್ಲಾಗ ಹೋಗು, ಸುಮ್ಕಾಗ್ತದ.’

ಮೋನಿಷಾ ಮರೆಗೆ ಸರಿಯುತ್ತಾಳೆ. ಮಾನಮ್ಮನ ಹೆಬ್ಬೆರಳು ಕೂಸಿನ ಬೆನ್ನಿನ ಮೇಲೆ ಮೇಲಿಂದ ಕೆಳಗೆ ಹರಿಯುತ್ತದೆ, ಪುಟ್ಟ ಭುಜ ತಿರುಗುತ್ತದೆ, ಕಾಲು ಮಡಚಿ ಬಿಚ್ಚಿಕೊಳ್ಳುತ್ತದೆ. ಕಿರುಚಾಟ ಮುಲುಕಾಗಿ, ಮುಲುಕು ಆಕಳಿಕೆಯಾಗುತ್ತದೆ. ನೀರು ಸುರಿದು ಮುಗಿಯುವಷ್ಟರಲ್ಲಿ ಕೂಸಿಗೆ ಗಾಢ ನಿದ್ದೆ.

ಈ ಬಚ್ಚಲುಮನೆ ಮಾನಮ್ಮನದಲ್ಲ. ಮನೆಯೊಡತಿ ಗಂಗಲಕ್ಷ್ಮಮ್ಮನವರದು. ಈ ಬೀದಿಯೆಲ್ಲ ಅವರ ಮನೆಯವರ ರಾಗಿಹೊಲವಾಗಿದ್ದಾಗ ಕಟ್ಟಿದ್ದು. ಪಕ್ಕದಲ್ಲಿ ಅವರು ಕಟ್ಟಿಸಿದ ಬಾಡಿಗೆ ಮಹಡಿಗಳಲ್ಲಿ ಈಗ ಗೀಸರ್ ಇವೆ, ಬಾಡಿಗೆದಾರರ ಬೈಕುಗಳಿಗೆ ಮಾತ್ರ ಜಾಗವಿಲ್ಲ. ‘ಆ ಗೂಡು ಒಡೆಸಿದ್ರೆ ಎಂಟು ಗಾಡಿ ನಿಲ್ಲುತ್ತೆ ಕಣಮ್ಮಾ,’ ಎಂದು ಮಗ ಜಗನ್ ದಿನಾ ರಾಗ ಎಳೆಯುತ್ತಾರೆ. ತಾಯಿ ಕೊಟ್ಟಿರುವ ಉತ್ತರ ಒಂದೇ: ‘ದೀಪಾವಳಿ ಗಂಟ ನೋಡಾನ. ಒಡ್ಸೋದೋ ಇಟ್ಕಳೋದೋ ಆಗ ಹೇಳ್ತೀನಿ.’ ಬಚ್ಚಲು ಹೋದರೆ ಮಾನಮ್ಮನ ಮಂಗಳವಾರವೂ ಹೋದಂತೆ. ದೀಪಾವಳಿಯೋ, ಇನ್ನೇನು ಬಂದೇ ಬಿಟ್ಟಿತು.

ವಾರದ ಮಿಕ್ಕ ದಿನಗಳಲ್ಲಿ ಮಾನಮ್ಮ ಇಂದಿರಾನಗರದ ಸಲೂನೊಂದರಲ್ಲಿ ತಲೆ ತೊಳೆಯುತ್ತಾರೆ. ಕತ್ತರಿ ಹಿಡಿಯುವವರು ಬೇರೆ, ಬಣ್ಣ ಹಚ್ಚುವವರು ಬೇರೆ. ಅದಕ್ಕೂ ಮುಂಚೆ ಎಲ್ಲರೂ ಕತ್ತು ಹಿಂದಕ್ಕೆ ಚೆಲ್ಲಿ ಬೇಸಿನ್‌ಗೆ ತಲೆ ಕೊಟ್ಟು ಮಲಗುವುದು ಮಾನಮ್ಮನ ಮುಂದೆ. ಹೆಸರು ಹಿಡಿದು ಕರೆಯುವವರು ಕಮ್ಮಿ. ಸಲೂನಿನ ಒಡತಿ ಶೀಬಾ ‘ಶಾಂಪೂ ಅಕ್ಕಾ’ ಎಂದು ಕೂಗುತ್ತಾರೆ, ಅದೇ ಹೆಸರು ನಿಂತುಹೋಗಿದೆ. ನೀರು, ಶಾಂಪೂಗಳ ಕಾಟಕ್ಕೆ ಸಂಜೆ ಹೊತ್ತಿಗೆ ಬೆರಳ ತುದಿ ಒಣದ್ರಾಕ್ಷಿಯಾಗಿರುತ್ತದೆ. ಮಂಗಳವಾರ ಕೂದಲು ಕತ್ತರಿಸಿಕೊಳ್ಳಲು ಜನ ಹಿಂದೆಮುಂದೆ ನೋಡುವುದರಿಂದ ಅವತ್ತು ರಜೆ. ಅದೇ ಮಂಗಳವಾರ ಹೆಂಗಸರು ಎಣ್ಣೆ ನೀರು ಹಾಕಿಕೊಳ್ಳುವ ದಿನವೂ ಹೌದು. ಹೀಗಾಗಿ ರಜೆಯ ದಿನವೇ ಮಾನಮ್ಮ ಎಲ್ಲರಿಗಿಂತ ಬೇಗ ಏಳುತ್ತಾರೆ.

‘ಅಲ್ಲಿ ಬರೀ ತಲೀ ಬರ್ತಾವ್ರಿ,’ ಎಂದು ನಗುತ್ತಾರೆ. ‘ಇಲ್ಲಿ ಮನುಷ್ಯಾರು ಬರ್ತಾರ.’

ಶಾಂಪೂ ಎಂಬ ಆ ಮಾತಿನ ಜಾತಕ ಅವರಿಗೆ ಗೊತ್ತಾದದ್ದು ಬೇಸಿನ್ ಮುಂದೆಯೇ. ಬೆನ್ಸನ್ ಟೌನಿನ ಲುಬ್ನಾ ಅವರು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರು, ತಿಂಗಳಿಗೊಮ್ಮೆ ಸಲೂನಿಗೆ ಬರುತ್ತಾರೆ. ಒಂದು ದಿನ ಮಾನಮ್ಮನ ಬೆರಳು ಕಿವಿಯ ಹಿಂದಿನ ಗಂಟೊಂದನ್ನು ಹುಡುಕಿ ಒತ್ತಿದಾಗ ಲುಬ್ನಾ ಕಣ್ಣು ಮುಚ್ಚಿಕೊಂಡೇ ಅಂದರಂತೆ: ‘ಅಕ್ಕಾ, ನೀವು ಮಾಡ್ತಿರೋದೇ ಅಸಲಿ ಶಾಂಪೂ. ಆ ಬಾಟ್ಲೀಲಿ ಇರೋದು ಆಮೇಲೆ ಬಂದಿದ್ದು.’

ಕತೆ ಹೀಗಿದೆ. ಹಿಂದೂಸ್ತಾನಿಯಲ್ಲಿ ‘ಚಾಂಪೋ’ ಅಂದರೆ ‘ಒತ್ತು, ಹಿಸುಕು’. ಎಣ್ಣೆ ಹಚ್ಚಿ ತಲೆ ಒತ್ತುವುದಕ್ಕೆ ಶಿವಾಜಿನಗರದ ಅಜ್ಜಿಯರು ಇವತ್ತಿಗೂ ಹೇಳುವ ‘ಚಂಪಿ’ ಇದರ ಒಡಹುಟ್ಟು. ಇನ್ನೂರೈವತ್ತು ವರ್ಷಗಳಿಗೂ ಹಿಂದೆ ಇಲ್ಲಿಗೆ ಬಂದ ಇಂಗ್ಲಿಷಿನವರು ದಣಿದ ಮೈ ಒತ್ತಿಸಿಕೊಂಡು, ಸುಖವಾಯಿತೆಂದು ಆ ಮಾತನ್ನೂ ಗಂಟಿಗೆ ಕಟ್ಟಿಕೊಂಡು ಹೋದರು. ಆಮೇಲೆ ಇಲ್ಲಿಂದಲೇ ಹೋದವರೊಬ್ಬರು ಇಂಗ್ಲೆಂಡಿನ ಕಡಲತೀರದಲ್ಲಿ ಹಬೆಯ ಸ್ನಾನದ ಮನೆ ತೆರೆದು ದೊಡ್ಡ ದೊಡ್ಡವರ ಮೈಕೈ ಹಿಸುಕಿಸಿದರು. ಅಲ್ಲಿಯವರೆಗೂ ಶಾಂಪೂ ಅಂದರೆ ಮೈ ಒತ್ತುವುದು, ತಲೆಗೂ ನೊರೆಗೂ ಸಂಬಂಧವಿಲ್ಲ. ಬರಬರುತ್ತಾ ಮಾತು ಮೈ ಬಿಟ್ಟು ತಲೆಗೇರಿತು. ತಲೆ ತಿಕ್ಕುವ ಕೆಲಸಕ್ಕಿದ್ದ ಹೆಸರು ತಿಕ್ಕುವ ನೀರಿಗೇ ಅಂಟಿಕೊಂಡಿತು. ಹೋಗುವಾಗ ಕೈಯಾಗಿದ್ದದ್ದು ವಾಪಸು ಬರುವಾಗ ಪೊಟ್ಟಣವಾಗಿ, ನಮ್ಮ ಬೀದಿಯ ಚಿಲ್ಲರೆ ಅಂಗಡಿಗಳ ಬಾಗಿಲಲ್ಲಿ ತೋರಣದಂತೆ ಜೋತುಬಿತ್ತು.

ಇದನ್ನು ಕೇಳಿದ ಮಾನಮ್ಮ ಸಲೂನೆಲ್ಲ ತಿರುಗಿ ನೋಡುವಂತೆ ನಕ್ಕರಂತೆ. ‘ಹಂಗಂದ್ರ ನಮ್ಮವ್ವ ಜೀವನಪೂರ್ತಿ ಇಂಗ್ಲಿಷ್ ಕೆಲಸ ಮಾಡಿದ್ಲು ಅನ್ರಿ, ಆಕಿಗೇ ಗೊತ್ತಿಲ್ದಂಗ!’

ಅವ್ವ ಲಿಂಗಸುಗೂರು ಸೀಮೆಯ ಹಳ್ಳಿಯಲ್ಲಿ ಕೂಸುಗಳಿಗೆ ಎರೆಯುತ್ತಿದ್ದವರು. ಆ ಕಡೆ ಮೀಯಿಸುವುದಕ್ಕೆ ಎರೆಯುವುದು ಅನ್ನುತ್ತಾರೆ. ಬಾಣಂತಿ ಇದ್ದ ಮನೆಯಿಂದ ಕರೆ ಬಂದರೆ ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಬೆನ್ನು ಹೇಗೆ ಹಿಡಿಯಬೇಕು, ಕತ್ತಿನಡಿ ಅಂಗೈ ಹೇಗಿಡಬೇಕು ಅಂತ ಕೂತು ಹೇಳಿಕೊಟ್ಟದ್ದಿಲ್ಲ. ಮಗಳು ನೋಡಿ ಕಲಿತದ್ದು. ಗಂಡ ಅಮರಪ್ಪನ ಜೊತೆ ಬೆಂಗಳೂರಿಗೆ ಬಂದ ಮೇಲೆ ಮಾನಮ್ಮ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತರು, ಗರುಡಾಚಾರ್‌ಪಾಳ್ಯದ ಕಾರ್ಖಾನೆಯಲ್ಲಿ ಡಬ್ಬ ಕಟ್ಟಿದರು. ಬೆನ್ನು ಕೈಕೊಟ್ಟಾಗ ಸಲೂನಿನಲ್ಲಿ ನೆಲ ಒರೆಸಲು ಸೇರಿದರು. ಒಂದು ಶನಿವಾರ ತಲೆ ತೊಳೆಯುವ ಹುಡುಗಿ ಬರಲಿಲ್ಲ, ಗಿರಾಕಿಗಳು ಕಾದು ಕೂತಿದ್ದರು. ಒರೆಸುವ ಬಟ್ಟೆ ಕೆಳಗಿಟ್ಟು ಮಾನಮ್ಮ ಕೈ ತೊಳೆದುಕೊಂಡು ನಿಂತರು. ಮೊದಲ ಗಿರಾಕಿ ಬೇಸಿನ್‌ನಲ್ಲೇ ಗೊರಕೆ ಹೊಡೆದರು. ಒರೆಸುವ ಬಟ್ಟೆಯನ್ನು ಶೀಬಾ ಮತ್ತೆ ಅವರ ಕೈಗೆ ಕೊಡಲಿಲ್ಲ.

ಬಚ್ಚಲುಮನೆ ತೆರೆದದ್ದು ಮೋನಿಷಾಳ ಹೆರಿಗೆಯ ನೆಪದಲ್ಲಿ. ಎಳೆಗೂಸಿಗೆ ನೀರು ಹಾಕಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಗಂಗಲಕ್ಷ್ಮಮ್ಮನವರ ಕಟ್ಟಡದ ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗಿರುವ ಮಾನಮ್ಮ ಒಡತಿಯ ಬಳಿ ಹೋಗಿ ಕೇಳಿದರು: ‘ಅಮ್ಮಾರ, ಹಂಡೆ ಒಲಿ ಹಚ್ಲೇನ್ರಿ? ಕೂಸಿಗೆ ಗೀಸರ್ ನೀರು ಒಗ್ಗಂಗಿಲ್ಲ.’ ಗಂಗಲಕ್ಷ್ಮಮ್ಮ ಹೂಂ ಅಂದರು. ಕೂಸಿನ ಹಿಂದೆ ಬಾಣಂತಿ ಬಂದಳು, ಬಾಣಂತಿಯ ಹಿಂದೆ ಅವಳ ಅತ್ತೆ, ಅತ್ತೆಯ ಹಿಂದೆ ಮಂಡಿನೋವಿನ ಗೆಳತಿಯರು. ಹರಳೆಣ್ಣೆ, ಸೀಗೆಪುಡಿ, ಕೊನೆಗೆ ಸಾಂಬ್ರಾಣಿ ಹೊಗೆ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹಿಡಿಯುತ್ತದೆ. ‘ಗಡಿಬಿಡಿ ಇದ್ದವ್ರು ಪೊಟ್ಟಣ ಹರ್ಕೊಂಡು ಮನ್ಯಾಗ ಹಾಕ್ಕೊಳ್ರಿ ಅಂತೀನಿ,’ ಎನ್ನುತ್ತಾರೆ ಮಾನಮ್ಮ.

ಎಡವಟ್ಟಾದದ್ದು ದೀಪಾವಳಿಯ ನೀರು ತುಂಬುವ ಹಬ್ಬದ ಬೆಳಿಗ್ಗೆ.

ಸಂಜೆ ಹಂಡೆ ತುಂಬಬೇಕು, ಅದಕ್ಕೆ ಮುಂಚೆ ತಿಕ್ಕಿ ಬೆಳಗಬೇಕು. ಮಾನಮ್ಮನ ಊರಲ್ಲೂ ಇದೇ ಪದ್ಧತಿ. ಅವತ್ತು ಒಡತಿಯ ಮನಸ್ಸು ಒಲಿಸಿಕೊಳ್ಳುವ ಆಸೆಯೂ ಸೇರಿತ್ತು. ಹುಣಸೆಹುಳಿ, ಬೂದಿ ಹಾಕಿ ಹಂಡೆಯ ಕಂಠದವರೆಗೂ ಉಜ್ಜಿ ಉಜ್ಜಿ, ಮುಖ ಕಾಣುವಂತೆ ಹೊಳಪು ತಂದರು. ಒಳಗೆ ಬಂದ ಗಂಗಲಕ್ಷ್ಮಮ್ಮ ಅದನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

‘ಗೆರೆ ಎಲ್ಲೇ?’

‘ಯಾವ ಗೆರಿ ಅಮ್ಮಾರ?’

‘ಸುಣ್ಣದ ಗೆರೆ, ಕೆಮ್ಮಣ್ಣಿನ ಗೆರೆ! ನಮ್ಮತ್ತೆ ಕೈಯಾರೆ ಎಳೆದಿದ್ದು ಕಣೇ ಅದು. ಕೊನೇ ಹಬ್ಬದಲ್ಲಿ ಎಳೆದಿದ್ದು!’

ಅತ್ತೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ನೀರು ತುಂಬುವ ಹಬ್ಬ ಮಾಡಿರಲಿಲ್ಲ. ಹಂಡೆಯ ಕಂಠದ ಮೇಲೆ ಮಾಸಿಹೋಗಿದ್ದ ಬಿಳಿ, ಕೆಂಪು ಗೆರೆಗಳನ್ನು ಗಂಗಲಕ್ಷ್ಮಮ್ಮ ಹಾಗೇ ಕಾಪಾಡಿಕೊಂಡಿದ್ದರು. ಮಾನಮ್ಮ ತಿಂಗಳುಗಟ್ಟಲೆ ಆ ಗೆರೆಗಳನ್ನು ನೋಡಿದ್ದರೂ, ಹಬ್ಬಕ್ಕೆ ಅಳಿಸಿ ಹೊಸದಾಗಿ ಎಳೆಯುವುದು ಲೋಕರೂಢಿ ಎಂದುಕೊಂಡಿದ್ದರು. ಗಂಗಲಕ್ಷ್ಮಮ್ಮ ಮೆಟ್ಟಿಲು ಹತ್ತಿ ಮೇಲೆ ಹೋಗಿಬಿಟ್ಟರು. ಮಧ್ಯಾಹ್ನ ಜಗನ್ ಅಳತೆ ಪಟ್ಟಿ ಹಿಡಿದುಕೊಂಡು ಬಚ್ಚಲ ಸುತ್ತ ಎರಡು ಸುತ್ತು ಹಾಕಿದರು.

‘ಮುಗೀತು ಅಂದ್ಕೊಂಡೆ ನೋಡ್ರಿ,’ ಎನ್ನುತ್ತಾರೆ ಮಾನಮ್ಮ. ‘ನಮ್ಮ ಯಜಮಾನ್ರು ಅಂದ್ರು, ನಿನಗ ತಿಕ್ಕೋ ಹುಚ್ಚು, ಮನಿ ಬಾಡಿಗಿ ಕರಾರೂ ತಿಕ್ಕಿ ಹಾಕಿಬಿಟ್ಟಿ ಅಂತ. ಅಳೋದೋ ನಗೋದೋ ತಿಳೀಲಿಲ್ಲ.’

ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಗಲಕ್ಷ್ಮಮ್ಮ ಮೆಟ್ಟಿಲಿಳಿದು ಬಂದರು. ಒಂದು ಕೈಯಲ್ಲಿ ಸುಣ್ಣದ ಬಟ್ಟಲು, ಇನ್ನೊಂದರಲ್ಲಿ ಕೆಮ್ಮಣ್ಣು. ಹಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆರಳು ಅದ್ದಿದರು. ಮೊದಲ ಗೆರೆ ಸೊಟ್ಟಗೆ ಬಂತು.

‘ನಮ್ಮತ್ತೆ ಇದ್ದಿದ್ರೆ ನಂಗೇ ಉಗೀತಿದ್ಳು ಕಣಮ್ಮಣ್ಣಿ,’ ಅಂದರು, ತಿರುಗಿ ನೋಡದೆ. ‘ವರ್ಷಾವರ್ಷ ಎಳೀಬೇಕಾದ್ದನ್ನ ಒಣಗಿಸಿ ಇಟ್ಕಂಡು ಕೂತಿದೀಯಾ ಅಂತ. ನಿಂತ್ಕಂಡು ಏನ್ ನೋಡ್ತೀಯಾ? ಆ ಕಡೆ ಗೆರೆ ನೀನೆಳಿ.’

ಮಾರನೇ ದಿನ ನರಕ ಚತುರ್ದಶಿ. ಬೆಳಕು ಹರಿಯುವ ಮುಂಚೆಯೇ ಗಂಗಲಕ್ಷ್ಮಮ್ಮ ಮಣೆಯ ಮೇಲೆ ಕೂತಿದ್ದಾರೆ. ಇಷ್ಟು ದಿನ ಇಡೀ ಬೀದಿಯೇ ಇಲ್ಲಿ ಮಿಂದು ಹೋದರೂ ಅವರೊಬ್ಬರು ಕೂತಿರಲಿಲ್ಲ. ಮಾನಮ್ಮ ನೆತ್ತಿಗೆ ಎಣ್ಣೆ ಇಟ್ಟು ಮೆಲ್ಲಗೆ ಒತ್ತತೊಡಗುತ್ತಾರೆ. ನೆತ್ತಿಯಿಂದ ಹಣೆಗೆ, ಹಣೆಯಿಂದ ಕತ್ತಿಗೆ, ಕತ್ತಿನಿಂದ ಭುಜಕ್ಕೆ. ಬಿಗಿದಿದ್ದ ಭುಜ ತಾನಾಗಿ ಕೆಳಗಿಳಿಯುತ್ತದೆ. ‘ಅಯ್ಯಯ್ಯೋ, ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಕೈಯ!’ ಎಂದು ಒಡತಿ ಕೂಗುತ್ತಾರೆ. ಹೊರಗೆ ಸಾಲು ನಿಂತ ಹೆಂಗಸರು ಗೊಳ್ಳೆನ್ನುತ್ತಾರೆ.

ಅಷ್ಟರಲ್ಲಿ ಜಗನ್ ಫೋನ್ ಕಿವಿಗಿಟ್ಟುಕೊಂಡೇ ಬಾಗಿಲ ಹೊರಗೆ ನಿಲ್ಲುತ್ತಾರೆ. ‘ಅಮ್ಮಾ, ಜೆಸಿಬಿಯವನು ಲೈನಲ್ಲವ್ನೆ. ಏನ್ ಹೇಳ್ಲಿ?’

‘ಮೊದ್ಲು ಷರ್ಟ್ ಬಿಚ್ಚು. ಹಬ್ಬದ ದಿನ ತಲೆಗೆ ಎಣ್ಣೆ ಇಕ್ಕಿಸ್ಕೊ. ಆಮೇಲೆ ಅವನಿಗೆ ಬೇರೆ ಕಡೆ ಕೆಲ್ಸ ನೋಡ್ಕೋ ಅನ್ನು.’

‘ಗಾಡಿಗಳು?’

‘ರಾಗಿ ಬೆಳೀತಿದ್ದ ಜಾಗದಾಗೆ ಗಾಡಿ ನಿಲ್ಲಿಸ್ಕಂಡಿದೀಯಲ್ಲ, ಸಾಲ್ದಾ? ಬಚ್ಚಲು ಇರ್ತದೆ. ಇವಳೂ ಇರ್ತಾಳೆ. ಹೋಗು.’

ಮಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಸೀಗೆಪುಡಿ ಖಾರ ಎಂದು ಸುಳ್ಳು ಹೇಳಿ, ಇನ್ನೊಂದು ಚೊಂಬು ನೀರು ಮೊಗೆಯುತ್ತಾರೆ. ಬಿಸಿಲು ಮೂಡುವಷ್ಟರಲ್ಲಿ ಜಗನ್ ಕೂಡ ಚಡ್ಡಿ ತೊಟ್ಟು, ತಲೆತುಂಬ ಎಣ್ಣೆ ಬಳಿಸಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಾರೆ. ಬಾಡಿಗೆಯ ಹುಡುಗರು ಫೋಟೊ ತೆಗೆಯುತ್ತಿದ್ದಾರೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ ಮಾನಮ್ಮ ಒಲೆ ಕೆದಕುತ್ತಾರೆ. ‘ಊರಿನ ತಲೀ ಎಲ್ಲ ನನ್ನ ಕೈಯಾಗ ಬಂದು ಹೋಗ್ತಾವ್ರಿ. ನನ್ನ ತಲೀ ಮಾತ್ರ ನಾನೇ ತೊಳ್ಕೋತೀನಿ. ಅವ್ವ ಹೋದ ಮ್ಯಾಗ ಯಾರೂ ಎರದಿಲ್ಲ. ಒಂದ್ಸಲ ಯಾರರ ಎರದ್ರ ಸಾಕ್ರಿ, ಸುಮ್ಕ ಕಣ್ಣು ಮುಚ್ಕೊಂಡು ಕುಂದರ್ತೀನಿ.’

ಒದ್ದೆ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದ ಗಂಗಲಕ್ಷ್ಮಮ್ಮನ ಕಿವಿಗೂ ಅದು ಬೀಳುತ್ತದೆ. ‘ಬರೋ ಮಂಗಳವಾರ ನಿನ್ನ ಸರದಿ. ನಾನೇ ಹಾಕ್ತೀನಿ. ಈಗ ಜಗನ್‌ನ ನೋಡು, ಎಣ್ಣೆ ಕಣ್ಣಿಗೆ ಇಳೀತದೆ.’

ಮಾನಮ್ಮ ಕಟ್ಟೆಯ ಕಡೆ ತಿರುಗಿಯೂ ನೋಡುವುದಿಲ್ಲ.

‘ಇಳಿಯಂಗಿಲ್ಲ ಬಿಡ್ರಿ ಅಮ್ಮಾರ. ಹಚ್ಚಿದಾಕಿ ನಾನು.’