ಹರಗಿ ಸಿಕ್ಕರೆ ಮೊದಲ ಫೋನು

ಮೊನ್ನೆ ಹಲ್ಲಿನ ಡಾಕ್ಟರು ಲವಂಗದೆಣ್ಣೆಯಲ್ಲಿ ಹತ್ತಿ ಅದ್ದಿ ನನ್ನ ದವಡೆಗೆ ಒತ್ತಿದರು. ನೋವು ಇಳಿಯಿತು, ಹಳೇ ಹೊಟ್ಟೆಕಿಚ್ಚು ಎದ್ದು ಕೂತಿತು. ಅದೇ ಎಣ್ಣೆಯ ನಾಲ್ಕು ಹನಿ ನೀರಿಗೆ ಬಿಟ್ಟು, ಕೈಯಲ್ಲಿ ಒದ್ದಾಡದಂತೆ ಮೀನಿಗೆ ಮಂಪರು ಬರಿಸುವುದನ್ನು ನನಗೆ ಕಲಿಸಿದವರು ಅಫಜಲಪುರದ ಮೇಡಂ...

ಭೀಮಾ ನದಿಯಲ್ಲಿ ಹರಗಿ ಮೀನು ಅಳಿಯುತ್ತ ಬಂದಿತ್ತು. ಮರಿ ಮಾಡಿಸಿ ಹೊಳೆಗೆ ಬಿಡೋಣವೆಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾವು ಮೂವರು ಕೈಜೋಡಿಸಿದ್ದೆವು. ಗಂಡು ಮೀನು ಮೇಡಂ ತೊಟ್ಟಿಯಲ್ಲಿ, ಹೆಣ್ಣು ಜೇವರ್ಗಿಯ ನನ್ನ ತೊಟ್ಟಿಯಲ್ಲಿ, ಮರಿ ಸಾಕುವ ಕೊಳ ಆಳಂದದ ಗೆಳೆಯರದು. ಯಾರ ಮೀನು ಮರಿ ಮಾಡಿಸುವ ಹದಕ್ಕೆ ಬಂದರೂ ತಕ್ಷಣ ಉಳಿದವರಿಗೆ ಫೋನು ಮಾಡಬೇಕೆಂಬುದು ಒಪ್ಪಂದ.

ಆದರೆ ಬಲೆಗೆ ಹರಗಿ ಬಿದ್ದರೆ ಮೀನುಗಾರರ ಮೊದಲ ಫೋನು ಮೇಡಂಗೇ. ನಮ್ಮೂರ ದಡದವರೂ ಅಷ್ಟೇ! ಮೇಡಂ ದೋಣಿಯಲ್ಲಿ ಕೂತು ಮೀನುಗಾರರ ರೊಟ್ಟಿ ತಿನ್ನುವರು, ಮಕ್ಕಳ ಜ್ವರ ವಿಚಾರಿಸುವರು. ನಾನು ಬಲೆಯ ಕಣ್ಣಿನ ಅಳತೆ ಬರೆದುಕೊಳ್ಳುತ್ತಿದ್ದೆ. ಹೊಟ್ಟೆ ಉರಿಯದೆ ಇನ್ನೇನಾದೀತು?

ಒಂದು ಮುಂಜಾನೆ ನನ್ನ ಹೆಣ್ಣು ಹರಗಿ ಹದಕ್ಕೆ ಬಂತು. ಇದ್ದದ್ದೇ ಅದೊಂದು. ಫೋನು ಕೈಗೆತ್ತಿಕೊಂಡೆ, ಇಟ್ಟುಬಿಟ್ಟೆ. ನನ್ನಲ್ಲೂ ಒಂದು ಎಳೆಯ ಗಂಡಿತ್ತು; ಮರಿಯಾದರೆ ನನ್ನ ಹೆಸರಲ್ಲೇ ಆಗಲಿ ಅನ್ನಿಸಿತು. ಆ ಗಂಡಿನ ಹಾಲು, ಅಂದರೆ ವೀರ್ಯ, ಬರೀ ನೀರು. ಹೆಣ್ಣಿನ ಹೊಟ್ಟೆ ಒತ್ತಿ ತಟ್ಟೆಗೆ ತೆಗೆದ ಮೊಟ್ಟೆಯೊಂದಿಗೆ ಕೋಳಿಪುಕ್ಕದಿಂದ ಕಲಸಿದ್ದೇ ಬಂತು. ಮಧ್ಯಾಹ್ನಕ್ಕೆ ತಟ್ಟೆಯ ಮೊಟ್ಟೆಗಳೆಲ್ಲ ಸತ್ತು ಬೆಳ್ಳಗಾದವು.

ಆಗ ಮೇಡಂಗೆ ಫೋನು ಮಾಡಿದೆ. ಹದಕ್ಕೆ ಬಂದಿದೆ ಎಂದಷ್ಟೇ ಹೇಳಿದೆ. ನೀರಿನ ಚೀಲದಲ್ಲಿ ಎರಡು ಗಂಡು ಮೀನು ಹಾಕಿಕೊಂಡು, ಬಾಡಿಗೆ ಜೀಪಿನಲ್ಲಿ ಎರಡೇ ತಾಸಿಗೆ ಬಂದರು. ತಟ್ಟೆ ನೋಡಿ ಚೀಲವನ್ನು ಮೆಲ್ಲಗೆ ಕೆಳಗಿಟ್ಟರು.

“ಮುಂಜಾನಿ ಫೋನ್ ಹಚ್ಚಿದ್ರ ಬರ್ತಿದ್ದೆನಲ್ರಿ, ಸರ್.”

ಅಷ್ಟೇ. ವರದಿಯಲ್ಲಿ ‘ನಮ್ಮ ತಪ್ಪಿನಿಂದ’ ಎಂದು ಬರೆದರು. ನಮ್ಮ ಅಂತೆ! ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದರಲ್ಲ ಎಂದು ಇನ್ನಷ್ಟು ಉರಿದೆ. ತಪ್ಪು ನನ್ನೊಬ್ಬನದು ಎಂದು ಬಾಯಿಬಿಡಲಿಲ್ಲ. ಮುಂದೆ ಬೇರೆ ಹೆಣ್ಣು ಸಿಕ್ಕಿ, ಅವರ ಕೈಯಲ್ಲೇ ಮರಿಗಳಾಗಿ ಹೊಳೆ ಸೇರಿದವು. ಚಪ್ಪಾಳೆ ತಟ್ಟಿದೆ, ಕೈ ಮಾತ್ರ ತಟ್ಟಿತು.

ಹೋದ ವರ್ಷ ಮೇಡಂ ತೀರಿಕೊಂಡರು. ಹೇಳಬೇಕಾದದ್ದು ನನ್ನಲ್ಲೇ ಉಳಿಯಿತು...

ದವಡೆಯಲ್ಲಿ ಹತ್ತಿ ಕಚ್ಚಿ ಕೂತಿದ್ದಾಗಲೇ ಫೋನು ಬಂತು. ಅಫಜಲಪುರದ ಕಡೆಯ ಮೀನುಗಾರ.

“ಸರ್, ಸಣ್ಣ ಹರಗಿ ಬಿದ್ದದ. ಬಿಡ್ಲೇನ್ರಿ? ಮೇಡಂ ಇಲ್ಲಲ್ರಿ... ಮೊದಲ ನಿಮಗೇ ಹಚ್ಚೇನಿ.”

ಇಷ್ಟು ವರ್ಷ ಬಯಸಿದ್ದ ಫೋನು ಅದು. ಬಿಡಪ್ಪ ಎನ್ನಲು ಹೋದೆ. ಬಾಯಿ ತುಂಬ ಲವಂಗದ ವಾಸನೆ. ಹತ್ತಿ ಉಗಿದು, “ಮೇಡಂ ಬಿಟ್ಟ ಮರಿ ಇದ್ದೀತು, ಬಿಡಪ್ಪ” ಎಂದೆ.