ನಾಲ್ಕನೇ ನಂಬರ್ ಕಾಯಿಲ್

ಅಕ್ಕನನ್ನು ಅರಕಲಗೂಡಿಗೆ ಮದುವೆ ಮಾಡಿ ಕಳಿಸಿದಾಗ ಅವಳ ಪಿಯುಸಿ ಮುಗಿದಿರಲಿಲ್ಲ. ಲ್ಯಾಬಿನ ಪ್ರಯೋಗಗಳನ್ನೆಲ್ಲ ಮಾಡಿದ್ದಳು, ಪರೀಕ್ಷೆಗೆ ಕೂರಲಿಲ್ಲ, ಅಷ್ಟೇ. ಮೂರು ವರ್ಷದ ಮೇಲೆ ನಾನು ಅವಳು ಓದಿದ್ದ ಹಾಸನದ ಕಾಲೇಜನ್ನೇ ಸೇರಿದೆ. ಚನ್ನರಾಯಪಟ್ಟಣದಲ್ಲಿದ್ದ ಅಪ್ಪನ ಕಂಡಿಷನ್ ಒಂದೇ: "ಫಸ್ಟ್ ಕ್ಲಾಸ್ ಬಂದರೆ ಮೈಸೂರಿಗೆ ಬಿಎಸ್ಸಿ. ಇಲ್ಲವೋ, ನಿಮ್ಮಕ್ಕನ ಹಾಗೆ."

ಕಾನ್ವೆಂಟಿನಲ್ಲಿ ಗ್ರಾಮರ್, ಎಂಬ್ರಾಯ್ಡರಿ ಕಲಿತು ಬಂದ ನನಗೆ ವೈರು ಮುಟ್ಟುವುದೆಂದರೇ ನಡುಕ. ಲ್ಯಾಬಿನಲ್ಲಿ ತಂತಿ ಸುತ್ತಿದ ಕಾಯಿಲ್‌ಗಳಿಗೆ ನಂಬರ್ ಇತ್ತು. ಯಾವ ನಂಬರಿಗೆ ಎಷ್ಟು ಓಮ್ ರೆಸಿಸ್ಟೆನ್ಸ್ ಎಂಬುದು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಗುಟ್ಟಾಗಿ ದಾಟಿ ಬರುತ್ತಿತ್ತು. ನನಗೆ ಅಕ್ಕನೇ ಸೀನಿಯರ್. ತನ್ನ ಹಳೇ ರೆಕಾರ್ಡ್ ಬುಕ್ಕನ್ನು ಅರಕಲಗೂಡಿನ ಬಸ್ಸಿನಲ್ಲಿ ಕೊಟ್ಟು ಕಳಿಸಿದ್ದಳು. ಕೊನೇ ಹಾಳೆಯಲ್ಲಿ ಪೆನ್ಸಿಲ್ ಬರಹ: ನಾಲ್ಕನೇ ನಂಬರ್, ಐದು ಓಮ್.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನನಗೆ ಬಂದದ್ದು ಅದೇ ನಾಲ್ಕು. ಕನೆಕ್ಷನ್ ಕೊಟ್ಟೆ. ವೋಲ್ಟ್‌ಮೀಟರ್ ಮೂರು ವೋಲ್ಟ್ ತೋರಿಸಿತು, ಆಮ್ಮೀಟರ್ ಪಾಯಿಂಟ್ ನಾಲ್ಕು ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಏಳೂವರೆ ಓಮ್! ಮೀಟರಿನ ಗಾಜಿನ ಮೇಲೆ ತಟ್ಟಿದೆ. ಸ್ಕ್ರೂಗಳನ್ನು ಬಿಗಿ ಮಾಡಿದೆ. ಮುಳ್ಳು ಅಲ್ಲೇ ನಿಂತಿತ್ತು. ಗಡಿಯಾರ ನೋಡುವುದು, ಮುಳ್ಳು ನೋಡುವುದು, ಮತ್ತೆ ಗಡಿಯಾರ. ಅಕ್ಕ ತಪ್ಪು ಬರೆಯುವವಳಲ್ಲ, ನನ್ನದೇ ಏನೋ ಎಡವಟ್ಟು ಎಂದುಕೊಂಡು ಲೆಕ್ಕವನ್ನು ಹಿಂದುಮುಂದಾಗಿ ಮಾಡಿದೆ: ಮೂರನ್ನು ಐದರಿಂದ ಭಾಗಿಸಿ, ಪಾಯಿಂಟ್ ಆರು ಆಂಪಿಯರ್ ಎಂದು ಬರೆದುಬಿಟ್ಟೆ.

ಎಕ್ಸಾಮಿನರ್ ಬಂದರು, ಎತ್ತರದ ಮನುಷ್ಯ.

"ಪವರ್ ಎಷ್ಟಮ್ಮಾ?"

"ವೋಲ್ಟ್ ಇಂಟು ಆಂಪಿಯರ್, ಸರ್. ಮೂರು ಇಂಟು ಪಾಯಿಂಟ್ ಆರು. ಒಂದು ಪಾಯಿಂಟ್ ಎಂಟು ವ್ಯಾಟ್."

"ಭೇಷ್. ಎಲ್ಲಿ, ಆ ಪಾಯಿಂಟ್ ಆರನ್ನು ನನಗೂ ತೋರಿಸು."

ಕೀ ಒತ್ತಿದೆ. ಮುಳ್ಳು ಪಾಯಿಂಟ್ ನಾಲ್ಕಕ್ಕೆ ಹೋಗಿ ನಿಂತಿತು. ಮೈಸೂರು ಕೈಬಿಟ್ಟೇಹೋಯಿತು ಅನ್ನಿಸಿತು.

"ಆಮ್ಮೀಟರ್ ಸುಳ್ಳು ಹೇಳ್ತಿದೆಯೋ, ನಿನ್ನ ಪುಸ್ತಕವೋ?"

"ಪುಸ್ತಕ, ಸರ್."

ಅವರು ಬೈಯಲಿಲ್ಲ. "ಹೊಡೆದು ಹಾಕಿ ಕಂಡದ್ದನ್ನು ಬರಿ," ಎಂದು ಮುಂದಿನ ಟೇಬಲ್ಲಿಗೆ ಹೋದರು. ಏಳೂವರೆ ಓಮ್, ಒಂದು ಪಾಯಿಂಟ್ ಎರಡು ವ್ಯಾಟ್. ಬರೆಯುವಾಗ ಪೆನ್ನಿನ ಇಂಕ್ ಬೆರಳಿಗೆಲ್ಲ ಮೆತ್ತಿತು.

ಹೊರಗೆ ಲ್ಯಾಬಿನ ಅಟೆಂಡರ್ ಸಿಕ್ಕಿದ. ಕೇಳಿದೆ.

"ನಾಕ್ನೇದಾ? ಅದು ಓದ್ ವರ್ಸವೇ ಸುಟ್ಟೋಯ್ತು ಕಣವ್ವಾ. ನಾನೇ ಬ್ಯಾರೆ ತಂತಿ ಸುತ್ತಿವ್ನಿ. ನಂಬರ್ ಬಿಲ್ಲೆ ಮಾತ್ರ ಹಳೇದು. ಯಾಕ್ರವ್ವಾ, ಯಾರಾದ್ರೂ ಏಳ್ಕೊಟ್ಟಿದ್ರಾ?" ಎಂದು ನಕ್ಕ.

ಫಸ್ಟ್ ಕ್ಲಾಸ್ ಬಂತು. ಮೈಸೂರಿಗೆ ಟ್ರಂಕು ತುಂಬುವ ದಿನ ಅಕ್ಕ ಬಂದಳು. ನನ್ನ ಸೀರೆಗಳನ್ನು ಮಡಿಸುತ್ತಾ ಕೇಳಿದಳು:

"ನಾಲ್ಕನೇದು ಐದೇ ಬಂತು ತಾನೇ? ನಾನು ಮೂರು ಸಲ ಮಾಡಿ ನೋಡಿದ್ದೆ ಕಣೇ."

"ಐದೇ ಅಕ್ಕಾ. ಕರೆಕ್ಟಾಗಿ ಐದು."

ಅವಳ ಮುಖ ಅರಳಿದ್ದನ್ನು ನೋಡಲಾರದೆ ಎದ್ದು ಹಿತ್ತಿಲಿಗೆ ಹೋದೆ. ಅವಳು ಅಳೆದದ್ದು ಸರಿಯಾಗಿಯೇ ಇತ್ತು, ಆಮೇಲೆ ತಂತಿ ಬದಲಾಯಿತು ಎಂದು ಹೇಳಿದ್ದರೆ ಸಾಕಿತ್ತು. ಇವತ್ತಿಗೂ ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಈಗ ಹೇಳೋಣವೆಂದರೆ ಅಕ್ಕ ಇಲ್ಲ.